ಹಾಸನ ಸಿಟಿಯಲ್ಲಿ ಅಪ್ಪ ಅಮ್ಮನಿಗೆ ಒಂದು ದಿನದಲ್ಲಿ ಏನೇನು ತೋರಿಸಬಹುದು?

ಡಿಸೆಂಬರ್‌ನಲ್ಲಿ ಬರ್ತೀವಿ, ಸಿಟಿ ಒಳಗಿನ ಹಳೇ ಜಾಗಗಳೇ ಆಗಬೇಕು, ಹಾಸನಾಂಬೆ ದರ್ಶನವೂ ಆಗಬೇಕು, ರಶ್ ಇರಬಾರದು ಅಂದಿದ್ದೀರಿ. ಓದಿ ಎದೆ ಧಸಕ್ ಅಂತು. ನಾನೂ ಹೀಗೇ ಲೆಕ್ಕ ಹಾಕಿದ್ದೆ.

ನಾವು ದಾವಣಗೆರೆಯವರು. ಹಾಸನಾಂಬೆಗೆ ಮಡಿಲಕ್ಕಿ ಕೊಡಬೇಕು ಅಂತ ಅಮ್ಮನಿಗೆ ಬಹಳ ವರ್ಷದ ಆಸೆ. ದೀಪಾವಳಿ ಹೊತ್ತಿನ ಉದ್ದದ ಕ್ಯೂ ಟಿವಿಯಲ್ಲಿ ನೋಡಿದ್ದೆ. ಅಮ್ಮನಿಗೆ ಮಂಡಿನೋವು. ಹಬ್ಬ ಮುಗಿಯಲಿ, ಜನವರಿಯಲ್ಲಿ ಆರಾಮಾಗಿ ಹೋಗೋಣ ಅಂದೆ. ದೀಪಾವಳಿಗೇ ಯಾಕೆ ಅಷ್ಟು ಜನ ಅಂತ ಒಂದು ಸಲವೂ ಯೋಚಿಸಲಿಲ್ಲ. ಹಬ್ಬ ಅಲ್ವಾ, ಬರ್ತಾರೆ ಅಂದುಕೊಂಡೆ. ಬಾಗಿಲು ತೆಗೆಯೋದೇ ವರ್ಷಕ್ಕೊಂದು ಸಲ, ಅದಕ್ಕೇ ಅಷ್ಟು ಜನ ಅಂತ ಗೊತ್ತಿರಲಿಲ್ಲ. ಯಾರನ್ನೂ ಕೇಳಲೂ ಇಲ್ಲ. ರೂಮ್, ಬಸ್ ಎಲ್ಲಾ ಬುಕ್ ಮಾಡಿದೆ. ಇದೊಂದನ್ನು ಬಿಟ್ಟೆ.

ಬೆಳಿಗ್ಗೆ ಏಳಕ್ಕೆ ಹೋದರೆ ಗರ್ಭಗುಡಿ ಮುಚ್ಚಿತ್ತು. ಅಮ್ಮನ ಕೈಚೀಲದಲ್ಲಿ ಅಕ್ಕಿ, ರವಿಕೆ ಕಣ, ಒಂದು ಡಜನ್ ಹಸಿರು ಬಳೆ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬಳೆ ಒಡೆಯದ ಹಾಗೆ ಪೇಪರನ್ನು ಮತ್ತೆ ಸರಿಯಾಗಿ ಸುತ್ತಿದರು, ಅಷ್ಟೇ.

ಹೂ ಮಾರೋ ಅಜ್ಜಿಯೇ ನಮಗೆ ಕಥೆ ಹೇಳಿದ್ದು. ಸಪ್ತಮಾತೃಕೆಯರಲ್ಲಿ ಮೂವರು ಇಲ್ಲಿ ಹುತ್ತದ ರೂಪದಲ್ಲಿ ನೆಲೆಸಿದರಂತೆ, ಮೂವರು ದೇವಿಗೆರೆಯಲ್ಲಿ, ಒಬ್ಬಳು ಕೆಂಚಮ್ಮನ ಹೊಸಕೋಟೆಯಲ್ಲಿ. ಅಮ್ಮ ದೇವಿಗೆರೆಗೆ ಹೋಗಿ ಕೈ ಮುಗಿದರು. ಬಳೆ ಊರಿಗೆ ವಾಪಸ್ ಬಂತು.

ಇನ್ನು ನಿಮ್ಮ ವಿಷಯ. ಸಿಟಿ ಒಳಗೇ ಆಗಬೇಕು ಅನ್ನೋ ಹಠ ಬಿಡಿ. ಸಂಜೆಗೆ ಮಹಾರಾಜ ಪಾರ್ಕ್, ಕಾರ್ಯಕ್ರಮ ಇದ್ದರೆ ಹಾಸನಾಂಬ ಕಲಾಕ್ಷೇತ್ರ, ಸಾಕು. ಹಗಲು ದೊಡ್ಡಗದ್ದವಳ್ಳಿಗೆ ಹೋಗಿ. ಬೇಲೂರು ರಸ್ತೆಯಲ್ಲಿ ಸುಮಾರು 16 ಕಿ.ಮೀ. ಹೆದ್ದಾರಿಯಿಂದ ಸ್ವಲ್ಪ ಒಳಗಿದೆ, ಹಿರಿಯರಿದ್ದಾರೆ, ಹಾಸನದಿಂದಲೇ ಆಟೋ ಮಾಡಿಕೊಳ್ಳಿ. ಕೆರೆ ಪಕ್ಕದ ಲಕ್ಷ್ಮೀದೇವಿ ಗುಡಿ ಅದು. 1117ರ ಬೇಲೂರು ದೇವಸ್ಥಾನಕ್ಕಿಂತ ಹಳೆಯದು. ರಾಜ ಕಟ್ಟಿಸಿದ್ದಲ್ಲ, ಕುಲ್ಲಹಣ ರಾಹುತ ಅನ್ನೋ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ಒಳಗೆ ನಾಲ್ಕು ಗರ್ಭಗುಡಿ. ಕಾಳಿ ಗುಡಿ ಬಾಗಿಲಲ್ಲಿ ಎರಡು ಬೇತಾಳಗಳಿವೆ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಪಕ್ಕೆಲುಬು ಒಂದೊಂದೇ ಎಣಿಸಬಹುದು.

ಹಾಸನಾಂಬೆಯೇ ಮುಖ್ಯ ಅಂದರೆ ಡಿಸೆಂಬರ್ ಟಿಕೆಟ್ ಕ್ಯಾನ್ಸಲ್ ಮಾಡಿ. ದುಡ್ಡು ಹೋದರೆ ಹೋಗಲಿ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆಗೀತಾರೆ, ಬಲಿಪಾಡ್ಯಮಿ ಮಾರನೇ ದಿನ ಮುಚ್ತಾರೆ. ಎಷ್ಟು ದಿನ ಅನ್ನೋದು ಪ್ರತಿ ವರ್ಷ ಬದಲಾಗುತ್ತೆ, ಕ್ಯಾಲೆಂಡರ್ ನೋಡಿಯೇ ಬುಕ್ ಮಾಡಿ. ಶುರುವಿನ ದಿನ, ಕೊನೇ ದಿನ ಬೇಡ. ನಾವು ಮುಂದಿನ ದೀಪಾವಳಿಗೆ ಅದೇ ಬಳೆ ತಗೊಂಡು ಹೋದೆವು. ಐದು ಗಂಟೆ ಕ್ಯೂ. ಅಮ್ಮನಿಗೆ ಅಂತ ಮಡಚೋ ಸ್ಟೂಲ್ ಒಯ್ದಿದ್ದೆ. ನೀವು ಎರಡು ಒಯ್ಯಿರಿ.