ಕೈ ಆಡಿಸಿ ಅಂದ್ರೆ ಕಜ್ಜಾಯದ ಪಾಕ ತಿರುವಿ ಅಂತಲ್ಲ

ದೀಪಾವಳಿ ಹತ್ತಿರ ಬಂತು ಅನ್ನುವುದು ನನಗೆ ಕ್ಯಾಲೆಂಡರ್ ನೋಡಿ ಗೊತ್ತಾಗುವುದಿಲ್ಲ. ಚಿಕ್ಕಬಳ್ಳಾಪುರದ ನನ್ನ ಕ್ಲಿನಿಕ್ಕಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆದವರ ಮನೆಯವರು ಬಂದು, "ಮೇಡಂ, ನೋಮು ವ್ರತ ಮಾಡಬಹುದಾ? ಕಜ್ಜಾಯ ಮಾಡಬಹುದಾ? ಎಣ್ಣೆನೀರು ಹಾಕಬಹುದಾ?" ಅಂತ ಶುರು ಮಾಡಿದರೆ ಹಬ್ಬ ಬಂತು ಅಂತ ಲೆಕ್ಕ. ಹೋದ ವರ್ಷ ಹೇಳಿದ್ದನ್ನೇ ಈ ವರ್ಷವೂ ಹೇಳಿ ಗಂಟಲು ಕಟ್ಟಿದೆ. ಅದಕ್ಕೇ ಬರೆದು ಹಾಕುತ್ತಿದ್ದೇನೆ. ಗಾಯ ಹೇಗೆ ಒರೆಸಬೇಕು, ಮಾತ್ರೆ ಯಾವಾಗ ನುಂಗಬೇಕು ಅನ್ನುವುದೆಲ್ಲ ಡಿಸ್ಚಾರ್ಜ್ ಚೀಟಿಯಲ್ಲಿದೆ. ಓದಿಕೊಳ್ಳಿ.

ಪ್ರಶ್ನೆ: ಅಮ್ಮನಿಗೆ 54 ವರ್ಷ. ಎಡಗಡೆ ಸ್ತನ, ಕಂಕುಳಿನ ಲಿಂಫ್ ಗಂಟುಗಳನ್ನು ತೆಗೆದು ಇವತ್ತಿಗೆ 19 ದಿನ. ಗಾಯದ ನೀರು ಹೊರಹೋಗಲು ಇಟ್ಟಿದ್ದ ಡ್ರೈನ್ ಪೈಪ್ ಹೋದ ವಾರ ತೆಗೆದರು. ಕೈ ಆಡಿಸಿದರೆ ಹೊಲಿಗೆ ಬಿಚ್ಚಿಕೊಳ್ಳುತ್ತೆ ಅಂತ ಪಕ್ಕದ ಮನೆಯವರು ಹೇಳಿದ್ದಕ್ಕೆ ಅಮ್ಮ ಕೈಯನ್ನು ಎದೆಗೆ ಒತ್ತಿಕೊಂಡೇ ಇರುತ್ತಾರೆ. ಕಂಕುಳಿಂದ ಮೊಣಕೈವರೆಗೆ ದಾರ ಎಳೆದು ಕಟ್ಟಿದ ಹಾಗೆ ಬಿಗಿಯಾಗಿದೆ. ಆದರೂ ದೀಪಾವಳಿಗೆ ನೋಮಲೇಬೇಕು, ಕಜ್ಜಾಯ ನಾನೇ ಮಾಡಬೇಕು ಅಂತ ಹಟ. ಏನು ಮಾಡಲಿ? (ಶಿಡ್ಲಘಟ್ಟದ ಕಡೆಯ ಓದುಗರು)

ಉತ್ತರ: ನಿಮ್ಮ ಅಮ್ಮ ಎರಡು ತಪ್ಪನ್ನೂ ಒಟ್ಟಿಗೇ ಮಾಡಲು ಹೊರಟಿದ್ದಾರೆ. ಆಡಿಸಬೇಕಾದ ಕೈಯನ್ನು ಮೂರು ವಾರ ಕಟ್ಟಿಹಾಕಿದ್ದಾರೆ. ಹಬ್ಬದ ದಿನ ಅದೇ ಕೈಯಿಂದ ಮೂರು ವಾರದ ಕೂಲಿ ಒಟ್ಟಿಗೇ ವಸೂಲಿ ಮಾಡಲಿದ್ದಾರೆ.

ಮೊದಲು ಪಕ್ಕದ ಮನೆಯವರ ವಿಷಯ. ಬೆರಳು, ಮಣಿಕಟ್ಟು, ಮೊಣಕೈಯನ್ನು ಆಪರೇಷನ್ ಆದ ಮಾರನೇ ದಿನದಿಂದಲೇ ಆಡಿಸಬೇಕು. ಭುಜವನ್ನು ಡ್ರೈನ್ ಇರುವವರೆಗೆ ಮೆಲ್ಲಗೆ, ತೆಗೆದ ಮೇಲೆ ದಿನದಿನಕ್ಕೂ ಸ್ವಲ್ಪ ಮೇಲೆ. ಬಿಟ್ಟರೆ ಭುಜ ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡರೆ ಜಡೆ ಹಾಕಲು ಆಗಲ್ಲ ಅಷ್ಟೇ ತಾನೇ ಅಂದುಕೊಳ್ಳಬೇಡಿ. ಮುಂದೆ ರೇಡಿಯೇಷನ್ ಬೇಕಾದರೆ ಮಷೀನಿನ ಕೆಳಗೆ ಕೈಯನ್ನು ತಲೆ ಮೇಲೆ ಎತ್ತಿಟ್ಟು ಅಲ್ಲಾಡದೆ ಮಲಗಬೇಕು. ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹೆಂಗಸು ಟವೆಲ್ಲಿನಲ್ಲಿ ಕೈ ಕಟ್ಟಿಕೊಂಡು ಒಂದೂವರೆ ತಿಂಗಳು ಕೂತಿದ್ದರು. ಬೆಂಗಳೂರಿಗೆ ರೇಡಿಯೇಷನ್‌ಗೆ ಹೋದರೆ ಕೈ ಕಿವಿವರೆಗೂ ಏಳಲಿಲ್ಲ. ವಾಪಸ್ ಕಳಿಸಿದರು. ಫಿಸಿಯೋಥೆರಪಿ ಮಾಡಿಸಿ, ಅತ್ತು ಕರೆದು, ಮೂರು ವಾರ ಆದ ಮೇಲೆ ಶುರುವಾಯಿತು.

ಇವತ್ತೇ ಅಮ್ಮನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ. ಎಡಗೈ ಬೆರಳುಗಳನ್ನು ಗೋಡೆ ಮೇಲೆ ಇರುವೆ ಹತ್ತಿದ ಹಾಗೆ ಹತ್ತಿಸಲಿ. ಎಲ್ಲಿಗೆ ನಿಂತಿತೋ ಅಲ್ಲಿ ಸೀಮೆಸುಣ್ಣದಲ್ಲಿ ಗೀಟು ಎಳೆಯಿರಿ. ನಾಳೆ ಅದರ ಮೇಲೆ ಒಂದು ಬೆರಳಿನಷ್ಟು. ಒಂದು ಸಲಕ್ಕೆ ಐದಾರು ಬಾರಿ, ದಿನಕ್ಕೆ ಮೂರು ನಾಲ್ಕು ಸಲ. ಎಳೆದ ಹಾಗೆ ಅನಿಸಬೇಕು, ಚುಚ್ಚಿದ ಹಾಗೆ ನೋಯಬಾರದು. ಗೀಟು ಮೇಲೆ ಹೋಗದೆ ವಾರವಾದರೆ ಕರೆದುಕೊಂಡು ಬನ್ನಿ.

ಆ ದಾರ ಇದೆಯಲ್ಲ, ಅದು ಎಷ್ಟೋ ಜನರಿಗೆ ಆಗುತ್ತೆ. ಗಂಟು ತೆಗೆದ ಜಾಗದ ಸಣ್ಣ ನಾಳಗಳು ಗಟ್ಟಿಯಾಗಿ ಚರ್ಮದ ಕೆಳಗೆ ತಂತಿ ಹಾಗೆ ಕಾಣುತ್ತವೆ. ಕೈ ಆಡಿಸುತ್ತಾ ಹೋದರೆ ಹೆಚ್ಚಿನವರಿಗೆ ಕೆಲವು ವಾರ, ತಿಂಗಳಲ್ಲಿ ಸಡಿಲವಾಗುತ್ತದೆ. "ನರ ಸೆಳೆದಿದೆ, ಎಣ್ಣೆ ಹಾಕಿ ಉಜ್ಜಿ ಬಿಡಿಸ್ತೀನಿ" ಅನ್ನುವವರು ಪ್ರತಿ ಹಳ್ಳಿಯಲ್ಲೂ ಒಬ್ಬರಿದ್ದಾರೆ. ಅವರ ಕೈಗೆ ಈ ಕೈ ಕೊಡಬೇಡಿ. ಉಜ್ಜಿಸಿಕೊಂಡು, ಎದೆಯಡಿ ನೀರು ತುಂಬಿಕೊಂಡು, ಕಂಕುಳು ಕೆಂಪಗೆ ಊದಿಸಿಕೊಂಡು ಬಂದವರನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಇನ್ನು ಕಜ್ಜಾಯ. ನಾನೂ ನೋಮುವ ಮನೆಯವಳೇ. ಕಜ್ಜಾಯದಲ್ಲಿ ಕಷ್ಟ ಎಲ್ಲಿದೆ ಅಂತ ಗೊತ್ತು. ಬೆಲ್ಲದ ಪಾಕಕ್ಕೆ ಅಕ್ಕಿ ಹಿಟ್ಟು ಸುರಿದು, ಗಂಟು ಕಟ್ಟದ ಹಾಗೆ ತಿರುವುವಾಗ ಭುಜದ ಶಕ್ತಿಯೆಲ್ಲ ಬೇಕು. ಕರಿದು ತೆಗೆದ ಮೇಲೆ ಎರಡು ಸಟ್ಟುಗದ ನಡುವೆ ಇಟ್ಟು ಎಣ್ಣೆ ಹಿಂಡುವಾಗ ಇನ್ನೂ ಜಾಸ್ತಿ. ಈ ಎರಡೂ ಕೆಲಸ, ಒಲೆ ಮುಂದೆ ಕೂರುವುದು ಈ ವರ್ಷ ಬೇಡ. ಬಲಗೈಯಲ್ಲಿ ಮಾಡ್ತೀನಿ ಅಂತಾರೆ. ಬಾಣಲೆ ಜಾರಿದರೆ ಹಿಡಿಯಲು ಹೋಗುವುದು ಎಡಗೈಯೇ. ಅಮ್ಮನಿಗೆ ಕುರ್ಚಿ ಹಾಕಿ ಕೂರಿಸಿ. ನೀರಿಗೆ ಪಾಕ ಬಿಟ್ಟು ಉಂಡೆ ಕಟ್ಟಿತೇ ಅಂತ ನೋಡುವುದು ಅವರ ಕೆಲಸವಾಗಲಿ. ಅದು ಹೇಗೂ ನಿಮಗೆ ಬರಲ್ಲ ಅಲ್ವಾ? ಎಲೆ ಮೇಲೆ ನಾಲ್ಕು ಕಜ್ಜಾಯ ತಟ್ಟಿದರೆ ತೊಂದರೆಯಿಲ್ಲ, ಬೆರಳಿಗೆ ಒಳ್ಳೆಯದೇ. ಆರು ವಾರದವರೆಗೆ ಆ ಕೈಯಲ್ಲಿ ಒಂದೆರಡು ಕೆಜಿಗಿಂತ ಜಾಸ್ತಿ ಎತ್ತಬಾರದು. ನೀರು ತುಂಬುವ ಹಬ್ಬದ ಸಂಜೆ ಹಂಡೆ ಉಜ್ಜಿ ಬಿಂದಿಗೆ ಹೊರುವುದು ಮನೆಯ ಗಂಡಸರಿಗೆ ಬರುತ್ತೆ, ಕೇಳಿ ನೋಡಿ.

ಎಣ್ಣೆನೀರು? ಹೊಲಿಗೆ ತೆಗೆದು, ಗಾಯ ಪೂರ್ತಿ ಕೂಡಿ ಒಣಗಿದ್ದರೆ ಸ್ನಾನ ಮಾಡಿಸಬಹುದು. ಎಣ್ಣೆ ತಲೆಗೆ ಸಾಕು. ಆದರೆ ನೀರಿನ ಬಿಸಿಯನ್ನು ಬಲಗೈಯಲ್ಲೇ ನೋಡಬೇಕು. ಕಂಕುಳು ಮತ್ತು ತೋಳಿನ ಒಳಭಾಗಕ್ಕೆ ಸ್ಪರ್ಶ ತಿಳಿಸುವ ನರಕ್ಕೆ ಈ ಆಪರೇಷನ್ನಿನಲ್ಲಿ ಆಗಾಗ ಪೆಟ್ಟಾಗಿರುತ್ತದೆ. ಅಲ್ಲಿ ಮರಗಟ್ಟಿರುತ್ತದೆ, ಸುಟ್ಟರೂ ಗೊತ್ತಾಗಲ್ಲ. ಒಬ್ಬರು ತೋಳಿಗೆ ಎಣ್ಣೆ ಸಿಡಿದದ್ದು ಗೊತ್ತಾಗದೆ, ರಾತ್ರಿ ಕುಪ್ಪಸ ಬಿಚ್ಚುವಾಗ ಬೊಬ್ಬೆ ನೋಡಿ ಗಾಬರಿಯಾಗಿದ್ದರು.

ಸಣ್ಣ ಬೊಬ್ಬೆಗೆ ಇಷ್ಟು ರಂಪ ಯಾಕೆ ಅನ್ನುತ್ತೀರಾ? ಕೈಯಲ್ಲಿನ ನೀರು ಬಸಿದುಹೋಗುವುದು ಕಂಕುಳಿನ ಗಂಟುಗಳ ಮೂಲಕ. ಅವನ್ನು ತೆಗೆದ ಕೈ ಅಂದರೆ ಕೋಡಿ ಅರ್ಧ ಮುಚ್ಚಿದ ಕೆರೆ. ಮಾಮೂಲಿ ನೀರು ಹೇಗೋ ಹರಿದುಹೋಗುತ್ತದೆ. ಸುಟ್ಟಗಾಯ, ಸೋಂಕು ಆದರೆ ಒಮ್ಮೆಲೇ ಜಾಸ್ತಿ ಬರುತ್ತದೆ, ಹೋಗಲು ದಾರಿ ಸಾಲದು. ಕೈ ಊದುತ್ತದೆ. ಇದಕ್ಕೆ ಲಿಂಫೆಡೀಮಾ ಅಂತೀವಿ. ಒಮ್ಮೆ ಬೇರೂರಿದರೆ ವರ್ಷಗಟ್ಟಲೆ ಸಂಭಾಳಿಸಬೇಕು. ಹಾಗಾಗಿ ನೋಮುದಾರ ಬಲಗೈಗೆ ಕಟ್ಟಿ, ಶಾಸ್ತ್ರ ಹೇಳುವವರನ್ನು ನನ್ನ ಹತ್ತಿರ ಕಳಿಸಿ. ಬಳೆ ಅಂಗಡಿಯಲ್ಲಿ ಕೈ ಹಿಂಡಿ ಹಿಂಡಿ ಗಾಜಿನ ಬಳೆ ತೊಡಿಸುತ್ತಾರಲ್ಲ, ಅದು ಎಡಗೈಗೆ ಬೇಡ. ಗಾಜು ಚುಚ್ಚಿದರೆ ಆ ಗೀರೇ ಸಾಕು. ಆ ಕೈಗೆ ಸೂಜಿ ಚುಚ್ಚಿದರೆ, ಬಿಪಿ ಪಟ್ಟಿ ಕಟ್ಟಿದರೆ ಅಂಥ ಅಪಾಯವೇನೂ ಇಲ್ಲ ಅಂತ ಇತ್ತೀಚಿನ ಅಧ್ಯಯನಗಳು ಹೇಳುತ್ತಿವೆ. ಓದಿದ್ದೇನೆ. ಆದರೂ ಇನ್ನೊಂದು ಕೈ ಇರುವಾಗ ನಾನು ಆ ಕೈ ಮುಟ್ಟಲ್ಲ. ನನ್ನದು ಸ್ವಲ್ಪ ಹಳೇ ಕಾಲದ ಪುಕ್ಕಲುತನ ಅಂತಲೇ ಇಟ್ಟುಕೊಳ್ಳಿ.

ಕೈ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಗಾಯದಿಂದ ಕೀವು ಬಂದರೆ ಹಬ್ಬ ಮುಗಿಸಿಕೊಂಡು ಬರ್ತೀವಿ ಅನ್ನಬೇಡಿ. ಅವತ್ತೇ ಬನ್ನಿ.

ಪ್ರಶ್ನೆ: ಕೀಮೋ ದೀಪಾವಳಿ ಆದ ಮೇಲೆ ಶುರು ಮಾಡಬಹುದಾ?

ಉತ್ತರ: ಎರಡು ಮೂರು ದಿನದ ಮಾತಾದರೆ ನಿಮ್ಮ ಡಾಕ್ಟರನ್ನು ಕೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ. ಆದರೆ ನಿಮ್ಮದು ಎರಡು ಮೂರು ದಿನದಲ್ಲಿ ನಿಲ್ಲಲ್ಲ. ದೀಪಾವಳಿ ಆಯ್ತು, ಕಾರ್ತಿಕ ಸೋಮವಾರ, ತುಳಸಿ ಹಬ್ಬ, ನಾದಿನಿ ಮಗಳ ಮದುವೆ, ಆಮೇಲೆ ಸಂಕ್ರಾಂತಿ. ಆಪರೇಷನ್ ನಂತರದ ಕೀಮೋ ಸಾಮಾನ್ಯವಾಗಿ 3ರಿಂದ 6 ವಾರದಲ್ಲಿ ಶುರುವಾಗಬೇಕು. 3 ತಿಂಗಳು ದಾಟಿದವರಿಗೆ ಫಲಿತಾಂಶ ಕೆಡುತ್ತದೆ ಅಂತ ಅಧ್ಯಯನಗಳಲ್ಲಿ ಕಂಡಿದೆ. ಕೀಮೋ ನಡೆಯುತ್ತಿರುವವರಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಅರ್ಧರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ, ಲಕ್ಷ್ಮೀಪೂಜೆಯಾದರೂ ಸರಿ.

ಪ್ರಶ್ನೆ: ಸಿಹಿ ತಿಂದರೆ ಕ್ಯಾನ್ಸರ್ ವಾಪಸ್ ಬರುತ್ತಾ?

ಉತ್ತರ: ಎರಡು ಕಜ್ಜಾಯ ತಿಂದರೆ ಬರಲ್ಲ. ಸಕ್ಕರೆ ಕಾಯಿಲೆ ಇದ್ದರೆ ಅದಕ್ಕಾಗಿ ಲೆಕ್ಕ ಇಡಿ. ನೋಮು ಅಂತ ದಿನವಿಡೀ ಉಪವಾಸ ಕೂರುವುದು ಮಾತ್ರ ಬೇಡ. ಗಾಯ ಕೂಡಲು ಕಾಳು, ಮೊಟ್ಟೆ, ಹಾಲು ಬೇಕು.

ಪ್ರಶ್ನೆ: ಚಾಕು ತಗುಲಿದರೆ ಕ್ಯಾನ್ಸರ್ ಹರಡುತ್ತಂತೆ. ನೆಂಟರೊಬ್ಬರು ತೊಗಟೆ ಪುಡಿ ತಂದಿದ್ದಾರೆ.

ಉತ್ತರ: ಹರಡಲ್ಲ. ಪುಡಿ ತಿಪ್ಪೆಗೆ ಹಾಕಿ.

ಪ್ರಶ್ನೆ: ಗಾಯಕ್ಕೆ ಅರಿಶಿನ?

ಉತ್ತರ: ಸಾರಿಗೆ.

ಪ್ರಶ್ನೆ: ಮನೆಯಲ್ಲಿ ಎರಡು ಸೀಮೆಹಸು. ಆಪರೇಷನ್ ಆಗಿ ಒಂದು ತಿಂಗಳು. ಹಾಲು ಕರೆಯಬಹುದಾ?

ಉತ್ತರ: ಇನ್ನೂ ಎರಡು ವಾರ ಬೇಡ. ಆಮೇಲೆ ಒಂದೇ ಹಸು, ನಡುವೆ ಬಿಡುವು ಕೊಟ್ಟು. ಕೈ ಭಾರ ಅನಿಸಿದರೆ ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ: ಹಬ್ಬಕ್ಕೆ ಹೊಸ ಸೀರೆ ಇದೆ, ಬ್ಲೌಸ್ ಒಂದು ಕಡೆ ಜೋಲುತ್ತೆ. ಹೊರಗೆ ಬರಲು ನಾಚಿಕೆ.

ಉತ್ತರ: ಈ ಪ್ರಶ್ನೆಯನ್ನು ಇಡೀ ವರ್ಷದಲ್ಲಿ ಕೇಳಿದವರು ನೀವೊಬ್ಬರೇ. ಉಳಿದವರು ಸುಮ್ನೆ ಸೆರಗು ಹೊದ್ದುಕೊಂಡು ಒಳಗೆ ಕೂರುತ್ತಾರೆ. ಬ್ರಾ ಒಳಗೆ ಇಟ್ಟುಕೊಳ್ಳುವ ಸಿಲಿಕೋನ್ ಸ್ತನ ಸಿಗುತ್ತದೆ, ಆದರೆ ತೂಕ ಜಾಸ್ತಿ. ಗಾಯ ಮಾಗಲು ಆರೆಂಟು ವಾರ ಬಿಡಿ. ಅಲ್ಲಿಯವರೆಗೆ ಮೆತ್ತನೆ ಹತ್ತಿ ಬಟ್ಟೆಯ ಚೀಲ ಹೊಲಿಸಿ, ಒಳಗೆ ಹತ್ತಿ ತುಂಬಿ, ಸಡಿಲ ಬ್ರಾ ಒಳಗೆ ಇಟ್ಟುಕೊಳ್ಳಿ. ಬ್ಲೌಸಿಗೆ ಹುಕ್ಸ್ ಮುಂದೆ ಇರಲಿ, ಕೈ ಹಿಂದೆ ತಿರುಚುವುದು ತಪ್ಪುತ್ತದೆ. ಆ ಕಡೆಯ ತೋಳು ಒಂದಿಂಚು ಸಡಿಲ ಮಾಡಿಸಿ. ಹಬ್ಬದ ವಾರದಲ್ಲಿ ಟೈಲರ್ ಹೊಸ ಬಟ್ಟೆ ತಗೊಳ್ಳಲ್ಲ, ಇವತ್ತೇ ಕೊಟ್ಟುಬನ್ನಿ.