ವಿಜ್ಞಾನಿಗಳು ಸ್ಟ್ಯಾಂಡ್‌ಅಪ್ ಕಾಮಿಡಿ ಮಾಡುವುದರಿಂದ ನಿಜವಾಗಿ ಏನು ಪ್ರಯೋಜನ?

ಇದಕ್ಕೆ ಒಳ್ಳೆಯ ಉದಾಹರಣೆ, 2009ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸ್ಟೀವ್ ಕ್ರಾಸ್ ಆರಂಭಿಸಿದ ‘ಬ್ರೈಟ್ ಕ್ಲಬ್’. ನಿರೂಪಣೆಗೆ ನುರಿತ ಹಾಸ್ಯಗಾರರೊಬ್ಬರಿರುತ್ತಾರಾದರೂ ಅಲ್ಲಿ ಮುಖ್ಯವಾಗಿ ವೇದಿಕೆಯೇರುವವರು ಸಂಶೋಧಕರೇ. ತುಸು ತರಬೇತಿ ಪಡೆದು, ಸುಮಾರು 8 ನಿಮಿಷ ತಮ್ಮ ಸಂಶೋಧನೆಯ ಬಗ್ಗೆಯೇ ಮಾತನಾಡಿ ನಗಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಇದರ ದೊಡ್ಡ ಲಾಭ ಸಂಶೋಧಕರಿಗೇ ಸಲ್ಲುತ್ತದೆ: ಉಪನ್ಯಾಸದಲ್ಲಿ ಕೇಳುಗರು ಅರ್ಥವಾಗದಿದ್ದರೂ ತಲೆಯಾಡಿಸಿಬಿಡುತ್ತಾರೆ, ಆದರೆ ಅರ್ಥವಾಗದ ಹಾಸ್ಯಕ್ಕೆ ಯಾರೂ ನಗುವುದಿಲ್ಲವಾದ್ದರಿಂದ, ಯಾವ ಪಾರಿಭಾಷಿಕ ಪದ ಅಡ್ಡಬಂದಿತೆಂಬುದು ಅವರಿಗೆ ಆ ಕ್ಷಣವೇ ತಿಳಿಯುತ್ತದೆ. ಪ್ರಯೋಗ ಕೈಕೊಟ್ಟ ಕಥೆಯನ್ನು ವಿಜ್ಞಾನಿಯ ಬಾಯಿಂದಲೇ ಕೇಳಿದ ಜನರಿಗೆ, ಪಠ್ಯಪುಸ್ತಕ ತೋರಿಸದ ದಿನನಿತ್ಯದ ದುಡಿಮೆ ಕಾಣುತ್ತದೆ. ಆದರೆ ಲಸಿಕೆಯಂಥ ವಿಷಯದಲ್ಲಿ, ಅನುಮಾನವಿರುವವರನ್ನೇ ಗೇಲಿ ಮಾಡಿ ನಗಿಸಹೊರಟರೆ, ಅವರು ಇನ್ನಷ್ಟು ದೂರ ಸರಿಯಬಹುದು.