ಪ್ರತಿಕ್ರಿಯೆ: ಉತಾದ ಹಿಕಾರು ಗೆದ್ದದ್ದು ಅಮೆರಿಕದ ನಂಟಿನಿಂದಲೇ?

ನ್ಯೂಯಾರ್ಕ್‌ನಲ್ಲಿ ಹುಟ್ಟಿ ಬೆಳೆದದ್ದರಿಂದಲೇ ಉತಾದ ಹಿಕಾರು ಜಪಾನಿನ ಪಾಪ್ ಸಂಗೀತದಲ್ಲಿ ಅಷ್ಟು ದೊಡ್ಡ ಹೆಸರಾದರಾ ಎಂದು ಕೇಳಿದ್ದೀರಿ. ಅದೊಂದೇ ಅಲ್ಲ. ತಾಯಿ ಫುಜಿ ಕೇಕೊ ಎಂಕಾ ಎಂಬ ಜಪಾನಿ ಭಾವಗೀತೆ ಶೈಲಿಯ ಹೆಸರಾಂತ ಗಾಯಕಿ. ಆ ಧಾಟಿಯ ಅಳಲು ಇವರ ದನಿಯಲ್ಲೂ ನನಗೆ ಕೇಳಿಸುತ್ತದೆ. 1998ರ ಡಿಸೆಂಬರಿನಲ್ಲಿ, 15ರ ವಯಸ್ಸಿನಲ್ಲಿ ಬಂದ 'ಆಟೋಮ್ಯಾಟಿಕ್' ಹಾಡು ಕೇಳಿ ನೋಡಿ. ಮೊದಲ ಸಾಲಲ್ಲೇ ಜಪಾನಿ ಪದಗಳನ್ನು ನಡುವೆಯೇ ತುಂಡರಿಸಿ ತಾಳಕ್ಕೆ ಕೂರಿಸಿದ್ದಾರೆ, ಎಷ್ಟು ಚೆಂದ! ಬರೆದದ್ದು, ರಾಗ ಹಾಕಿದ್ದು ಎರಡೂ ಅವರೇ. ಮರುವರ್ಷದ 'ಫಸ್ಟ್ ಲವ್' ಜಪಾನಿನಲ್ಲಿ ಇಂದಿಗೂ ಅತಿ ಹೆಚ್ಚು ಮಾರಾಟವಾದ ಆಲ್ಬಂ. ಬರೀ ಅಮೆರಿಕದ ನಂಟೇ ಸಾಕಾಗಿದ್ದರೆ 2004ರ ಇಂಗ್ಲಿಷ್ ಆಲ್ಬಂ 'ಎಕ್ಸೋಡಸ್' ಅಮೆರಿಕದಲ್ಲೂ ಗೆಲ್ಲಬೇಕಿತ್ತು, ಅಷ್ಟಾಗಿ ಓಡಲಿಲ್ಲ. ಹೊಸದಾಗಿ ಕೇಳುವುದಾದರೆ 2022ರ 'ಬ್ಯಾಡ್ ಮೋಡ್'ನಿಂದ ಶುರುಮಾಡಿ, ಅದರಲ್ಲಿ ಎರಡೂ ಭಾಷೆ ಸಲೀಸಾಗಿ ಬೆರೆತಿವೆ.